ಕಡಲ ಕಮಾನಿನ ಕೀಲುಗಲ್ಲು

ಮನೆಯೊಂದರಲ್ಲಿ ಯಾರ ದುಡಿಮೆ ಎಷ್ಟು ಭಾರವನ್ನು ಹೊತ್ತಿದೆ ಎಂಬುದು ಅವರು ಮನೆಯಲ್ಲಿರುವಾಗ ತಿಳಿಯುವುದಿಲ್ಲ. ಗೃಹಿಣಿ ನಾಲ್ಕು ದಿನಗಳ ಮಟ್ಟಿಗೆ ತವರಿಗೆ ಹೋದರೆ ಮೊದಲ ದಿನ ಏನೂ ಆಗುವುದಿಲ್ಲ. ಎರಡನೆಯ ದಿನ ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತದೆ. ಮೂರನೆಯ ದಿನ ಹೆಪ್ಪು ಹಾಕಲು ಮನೆಯಲ್ಲಿ ಮಜ್ಜಿಗೆಯೇ ಇಲ್ಲವೆಂದು ಗೊತ್ತಾಗುತ್ತದೆ. ನಾಲ್ಕನೆಯ ದಿನಕ್ಕೆ ಹಿತ್ತಲಿನ ಹೂಗಿಡಗಳು ಬಾಡಿರುತ್ತವೆ, ಅಜ್ಜನ ಮದ್ದು ತಪ್ಪಿರುತ್ತದೆ, ಅಪ್ಪ-ಮಕ್ಕಳ ನಡುವೆ ಮಾತು ಬಿಗಿಯಾಗಿರುತ್ತದೆ. ಯಾರು ಏನನ್ನು ಹಿಡಿದಿಟ್ಟಿದ್ದರು ಎಂಬುದಕ್ಕೆ ಅವರ ಗೈರುಹಾಜರಿಯೇ ಸಾಕ್ಷಿ ನುಡಿಯಬೇಕು. ಸಂಸಾರಸ್ಥರಾದ ನಮಗೆ ಇದು ಹೊಸ ಸಂಗತಿಯಲ್ಲ. ಆದರೆ ಇದೇ ಉಪಾಯವನ್ನು ಹಿಡಿದು ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರು ಸಮುದ್ರವನ್ನೇ ಪ್ರಶ್ನಿಸಿದರು. ಸಮುದ್ರ ಉತ್ತರವನ್ನೂ ಕೊಟ್ಟಿತು. ಆ ವೃತ್ತಾಂತವನ್ನು ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಅವರ ಹೆಸರು ರಾಬರ್ಟ್ ಪೇನ್. ೧೯೩೩ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಜನಿಸಿದ ಇವರು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದರು. ಅಲ್ಲಿ ಅವರ ಗುರುಗಳಾಗಿದ್ದ ಫ್ರೆಡರಿಕ್ ಸ್ಮಿತ್ ಒಂದು ದಿನ ತರಗತಿಯ ಕಿಟಕಿಯಾಚೆಯ ಮರವನ್ನು ತೋರಿಸಿ, ಅದು ಹಸಿರಾಗಿರುವುದೇಕೆ ಎಂದು ವಿದ್ಯಾರ್ಥಿಗಳನ್ನು ಕೇಳಿದರಂತೆ. ಎಲೆಯಲ್ಲಿ ಪತ್ರಹರಿತ್ತು ಇರುವುದರಿಂದ ಎಂಬ ಪಠ್ಯಪುಸ್ತಕದ ಉತ್ತರ ಒಡನೆ ಬಂದಿತು. ಗುರುಗಳು ಕೇಳಿದ್ದು ಅದನ್ನಲ್ಲ. ಎಲೆ ತಿನ್ನುವ ಹುಳುಗಳು ಲೆಕ್ಕವಿಲ್ಲದಷ್ಟಿವೆ. ಅವು ಮರವನ್ನು ಬೋಳಿಸದೆ ಬಿಟ್ಟಿರುವುದೇಕೆ? ಹುಳುಗಳನ್ನು ತಿನ್ನುವ ಜೀವಿಗಳು ಅವುಗಳ ಸಂಖ್ಯೆಯನ್ನು ತಡೆಹಿಡಿದಿರುವುದರಿಂದಲೇ ಭೂಮಿ ಹಸಿರಾಗಿದೆ ಎಂಬ ವಿಚಾರವನ್ನು ಸ್ಮಿತ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ೧೯೬೦ರಲ್ಲಿ ಪ್ರಕಟಿಸಿದರು. ಅದುವರೆಗೆ ಪಂಡಿತರು ಆಹಾರದ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಮಾತ್ರ ಓದುತ್ತಿದ್ದರು: ಹುಲ್ಲು ಎಷ್ಟಿದೆಯೋ ಅಷ್ಟು ಜಿಂಕೆ, ಜಿಂಕೆ ಎಷ್ಟಿದೆಯೋ ಅಷ್ಟು ಹುಲಿ. ಮೇಲಿನಿಂದ ಕೆಳಕ್ಕೂ ಓದಬಹುದೆಂದು ಈ ಮೂವರು ಹೇಳಿದರು. ಹೇಳಿದರೇನೋ ಸರಿ, ತೋರಿಸುವುದು ಹೇಗೆ? ಕಾಡಿನ ಹುಲಿಗಳನ್ನೆಲ್ಲ ಹೊರಗಟ್ಟಿ ನೋಡಲು ಸಾಧ್ಯವೆ?

ಪೇನ್ ಅವರು ೧೯೬೨ರಲ್ಲಿ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ವಾಷಿಂಗ್ಟನ್ ಎಂದರೆ ಇಲ್ಲಿ ಆ ದೇಶದ ರಾಜಧಾನಿಯಲ್ಲ. ಶಾಂತಸಾಗರದ ದಂಡೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡು ಇರುವ ರಾಜ್ಯ. ಅದರ ವಾಯವ್ಯ ತುದಿಯಲ್ಲಿ ಮಕಾ ಎಂಬ ಮೂಲನಿವಾಸಿಗಳ ನಾಡಿದೆ. ಅಲ್ಲಿಯ ಮಕಾ ಕೊಲ್ಲಿಯಲ್ಲಿ ಸಮುದ್ರ ಇಳಿದಾಗ ಬಂಡೆಗಳು ತಲೆಯೆತ್ತುತ್ತವೆ, ಏರಿದಾಗ ಮುಳುಗುತ್ತವೆ. ದಿನಕ್ಕೆರಡು ಬಾರಿ ನೆಲವೂ ನೀರೂ ಆಗುವ ಈ ಬಂಡೆಗಳು ಒಂದು ದಟ್ಟವಾದ ಪೇಟೆಯಿದ್ದಂತೆ. ಕಲ್ಲಿಗೆ ಅಂಟಿಕೊಂಡು ಬದುಕುವ ಬಾರ್ನಕಲ್‌ಗಳು, ಬಸವನಹುಳುಗಳು, ಹೂವಿನಂತೆ ಅರಳುವ ಕಡಲಹೂಗಳು, ಬಗೆಬಗೆಯ ಪಾಚಿಗಳು, ಮಸ್ಸೆಲ್ ಎಂಬ ಕಪ್ಪು ಚಿಪ್ಪಿನ ಪ್ರಾಣಿಗಳು (ಇವುಗಳ ದಾಯಾದಿಯನ್ನು ನಮ್ಮ ಮಂಗಳೂರಿನ ಕಡೆ ಪಚ್ಚಿಲೆ ಎನ್ನುವರು), ಎಲ್ಲವೂ ಒಂದನ್ನೊಂದು ಒತ್ತಿಕೊಂಡು ಇರುತ್ತವೆ. ಅಲ್ಲಿ ಬೆಲೆಯುಳ್ಳದ್ದು ಜಾಗ. ಗೇಣು ಬಂಡೆಗಾಗಿ ಹೋರಾಟ.

ಈ ಪೇಟೆಯ ದೊಡ್ಡ ಬೇಟೆಗಾರ ನಕ್ಷತ್ರಮೀನು. ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ. ಐದು ತೋಳುಗಳು, ಊದಾ ಅಥವಾ ಕಿತ್ತಳೆ ಬಣ್ಣ, ನಡಿಗೆ ಬಹು ನಿಧಾನ. ಆದರೂ ಇದರ ಊಟದ ಕ್ರಮ ಕೇಳುವಂತಹದು. ಮಸ್ಸೆಲ್‌ನ ಎರಡು ಚಿಪ್ಪುಗಳ ಮೇಲೆ ತೋಳುಗಳನ್ನಿಟ್ಟು, ತೋಳಿನಡಿಯ ನೂರಾರು ಸಣ್ಣ ಹೀರುಗಾಲುಗಳಿಂದ ಬಿಡದೆ ಎಳೆಯುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ತನ್ನ ಜಠರವನ್ನೇ ಬಾಯಿಯಿಂದ ಹೊರಚಾಚಿ ಆ ಬಿರುಕಿನೊಳಗೆ ತೂರಿಸಿ, ಚಿಪ್ಪಿನೊಳಗಿರುವ ಜೀವವನ್ನು ಅಲ್ಲಿಯೇ ಅರಗಿಸಿಕೊಳ್ಳುತ್ತದೆ.

೧೯೬೩ರ ಜೂನ್ ತಿಂಗಳಿನಲ್ಲಿ ಪೇನ್ ಅವರು ಸುಮಾರು ೮ ಮೀಟರ್ ಉದ್ದ, ೨ ಮೀಟರ್ ಎತ್ತರದ ಒಂದು ಬಂಡೆಯ ಭಾಗವನ್ನು ಆರಿಸಿಕೊಂಡರು. ಕೈಯಲ್ಲೊಂದು ಹಾರೆ. ಅಲ್ಲಿದ್ದ ನಕ್ಷತ್ರಮೀನುಗಳನ್ನೆಲ್ಲ ಒಂದೊಂದಾಗಿ ಮೀಟಿ ತೆಗೆದು, ತೋಳಿನಲ್ಲಿ ಬಲವಿದ್ದಷ್ಟು ದೂರ ಸಮುದ್ರಕ್ಕೆ ಎಸೆದರು. ಪಕ್ಕದ ಬಂಡೆಯನ್ನು ಇದ್ದಂತೆಯೇ ಬಿಟ್ಟರು. ಮುಗಿಯಿತು, ಪ್ರಯೋಗವೆಂದರೆ ಇಷ್ಟೇ. ಗಾಜಿನ ನಳಿಕೆಯಿಲ್ಲ, ಯಂತ್ರವಿಲ್ಲ. ಆರೂವರೆ ಅಡಿ ಎತ್ತರದ ಪ್ರಾಧ್ಯಾಪಕರೊಬ್ಬರು ಅಲೆಗಳ ನಡುವೆ ನಿಂತು ನಕ್ಷತ್ರಮೀನುಗಳನ್ನು ಕಡಲಿಗೆ ಬೀಸುತ್ತಿದ್ದುದನ್ನು ದೂರದಿಂದ ಕಂಡವರು ಏನೆಂದುಕೊಂಡಿರಬಹುದೋ! ಎಸೆದ ಪ್ರಾಣಿಗಳು ಮರಳಿ ಬಾರದಿರುವವೆ? ಆದ್ದರಿಂದ ಬೇಸಿಗೆಯಲ್ಲಿ ತಿಂಗಳಿಗೆ ಎರಡು ಬಾರಿ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಿಯಾಟಲ್‌ನಿಂದ ಅಷ್ಟು ದೂರ ಹೋಗಿ ಅದೇ ಕಾಯಕವನ್ನು ಮಾಡಬೇಕಾಯಿತು. ವರ್ಷಗಳ ಕಾಲ ಮಾಡಿದರು.

ಫಲ ಮೂರು ತಿಂಗಳಿನಲ್ಲೇ ಕಾಣತೊಡಗಿತು. ಸೆಪ್ಟೆಂಬರ್ ಹೊತ್ತಿಗೆ ಬಾರ್ನಕಲ್‌ಗಳು ಬಂಡೆಯ ಬಹುಪಾಲನ್ನು ಹಿಡಿದವು. ಮರು ವರ್ಷದ ಜೂನ್ ಹೊತ್ತಿಗೆ ಮಸ್ಸೆಲ್‌ಗಳು ಬಾರ್ನಕಲ್‌ಗಳನ್ನು ಒತ್ತರಿಸುತ್ತಿದ್ದವು. ಪಾಚಿಗಳು ಒಂದೊಂದಾಗಿ ಮರೆಯಾದವು. ಪಾಚಿಯನ್ನು ಮೇಯುವ ಪ್ರಾಣಿಗಳು ಉಣಿಸಿಲ್ಲದೆ ಜಾಗ ಬಿಟ್ಟವು. ಪ್ರಾರಂಭದಲ್ಲಿ ೧೫ ಜಾತಿಯ ಜೀವಿಗಳಿದ್ದ ಆ ಬಂಡೆಯಲ್ಲಿ ೮ ಜಾತಿಗಳು ಉಳಿದವು. ಕಡೆಗೆ ಅದು ಬರಿಯ ಮಸ್ಸೆಲ್‌ಗಳ ಕಪ್ಪು ಹಾಸಾಯಿತು. ನಕ್ಷತ್ರಮೀನುಗಳಿದ್ದ ಪಕ್ಕದ ಬಂಡೆಯಲ್ಲಿ ಮಾತ್ರ ಹಳೆಯ ಪೇಟೆ ಹಾಗೆಯೇ ನಡೆದಿತ್ತು. ೧೯೬೬ರಲ್ಲಿ ಪೇನ್ ಈ ವಿಷಯವನ್ನು ಪ್ರಕಟಿಸಿದರು. ಮುಂದೆ ನ್ಯೂಜಿಲೆಂಡಿನ ಕರಾವಳಿಗೆ ಹೋಗಿ, ಬೇರೆಯೇ ಜಾತಿಯ ನಕ್ಷತ್ರಮೀನನ್ನು ತೆಗೆದು ನೋಡಿದಾಗಲೂ ಇಂತಹ ಪರಿಣಾಮವನ್ನೇ ಕಂಡರು.

ಪ್ರಾಣಿಹಿಂಸೆಯನ್ನು ಒಪ್ಪದ ಮನೆಗಳಲ್ಲಿ ಬೆಳೆದ ನಮ್ಮ ಓದುಗರಲ್ಲಿ ಹಲವರಿಗೆ ಇಲ್ಲೊಂದು ಮುಜುಗರ ತೋರಬಹುದು. ಕೊಂದು ತಿನ್ನುವ ಪ್ರಾಣಿ ಹೋದರೆ ಉಳಿದವು ನೆಮ್ಮದಿಯಿಂದ ಬಾಳಬೇಕಲ್ಲವೆ? ನಮಗೂ ಮೊದಲ ಓದಿಗೆ ಹಾಗೆಯೇ ಅನ್ನಿಸಿತು. ಬಂಡೆಯ ಮೇಲೆ ನಡೆದುದು ತದ್ವಿರುದ್ಧ. ನಕ್ಷತ್ರಮೀನು ಮಸ್ಸೆಲ್‌ಗಳನ್ನು ತಿನ್ನುತ್ತಿದ್ದುದರಿಂದಲೇ ಉಳಿದ ಜಾತಿಗಳಿಗೆ ಕಾಲೂರಲು ಸ್ಥಳ ದೊರೆಯುತ್ತಿತ್ತು. ಬೇಟೆಗಾರನನ್ನು ತೆಗೆದ ಮೇಲೆ ಯಾರನ್ನೂ ತಿನ್ನದ, ನೀರನ್ನು ಸೋಸಿಕೊಂಡು ಬದುಕುವ ಬಡಪಾಯಿ ಮಸ್ಸೆಲ್ ತಾನೊಂದೇ ಬೆಳೆದು ನೆರೆಹೊರೆಯವರನ್ನೆಲ್ಲ ನುಂಗಿದಂತಾಯಿತು. ದಯೆಯ ಮಾತನ್ನು ಮನುಷ್ಯರಾದ ನಾವು ನಮ್ಮ ನಡತೆಗೆ ಅನ್ವಯಿಸಿಕೊಳ್ಳಬೇಕು. ನಕ್ಷತ್ರಮೀನಿಗೆ ಅದನ್ನು ಬೋಧಿಸಹೊರಡುವುದು ಸಲ್ಲದು.

೧೯೬೯ರಲ್ಲಿ ಪೇನ್ ಅವರು ಇಂತಹ ಜೀವಿಗೆ ಒಂದು ಹೆಸರಿಟ್ಟರು. ಕಲಬುರ್ಗಿಯ ಕೋಟೆಯಲ್ಲಿಯೋ ವಿಜಾಪುರದ ಹಳೆಯ ಕಟ್ಟಡಗಳಲ್ಲಿಯೋ ಕಲ್ಲಿನ ಕಮಾನುಗಳನ್ನು ನಮ್ಮವರು ನೋಡಿಯೇ ಇರುತ್ತಾರೆ. ಎರಡು ಬದಿಯಿಂದ ಬಾಗಿ ಬರುವ ಕಲ್ಲುಗಳು ನೆತ್ತಿಯಲ್ಲಿ ಸೇರುವೆಡೆ, ಎರಡೂ ಸಾಲುಗಳನ್ನು ಬಿಗಿದು ನಿಲ್ಲಿಸುವ ಕಲ್ಲೊಂದಿರುತ್ತದೆ. ಅದು ಉಳಿದ ಕಲ್ಲುಗಳಿಗಿಂತ ದೊಡ್ಡದೇನಲ್ಲ, ಅದರ ಮೇಲೆ ಬೀಳುವ ಭಾರವೂ ಹೆಚ್ಚಲ್ಲ. ಆದರೆ ಅದು ಕಳಚಿದರೆ ಕಮಾನು ನಿಲ್ಲದು. ಈ ಕೀಲುಗಲ್ಲಿನ ಹೆಸರನ್ನೇ ಅವರು ನಕ್ಷತ್ರಮೀನಿಗೆ ಕೊಟ್ಟರು. ಸಂಖ್ಯೆಯಲ್ಲಿ ಅಲ್ಪ, ಪರಿಣಾಮದಲ್ಲಿ ಅಪಾರ: ಇದೇ ಕೀಲುಗಲ್ಲು ಜೀವಿಯ ಲಕ್ಷಣ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಎಲ್ಲ ಜೀವಿಗಳೂ ಕೀಲುಗಲ್ಲುಗಳಲ್ಲ. ಪೇನ್ ಅವರ ಶಿಷ್ಯರಲ್ಲೊಬ್ಬರಾದ ಬ್ರೂಸ್ ಮೆಂಜ್ ಓರೆಗಾನ್ ರಾಜ್ಯದ ತೀರದಲ್ಲಿ ಪರೀಕ್ಷಿಸಿದಾಗ, ಅಲೆಗಳು ರಭಸದಿಂದ ಬಡಿಯುವ ಬಂಡೆಗಳಲ್ಲಿ ಅದೇ ನಕ್ಷತ್ರಮೀನು ಕೀಲುಗಲ್ಲಾಗಿತ್ತು. ಅಲೆಗಳ ಹೊಡೆತವಿಲ್ಲದ ಮರೆಯ ತಾಣಗಳಲ್ಲಿ ಅದರ ಪ್ರಭಾವ ಅಷ್ಟಿರಲಿಲ್ಲ. ಹೆಸರು ಜನಪ್ರಿಯವಾದ ಮೇಲೆ ಕಂಡಕಂಡ ಪ್ರಾಣಿಗೆಲ್ಲ ಅದನ್ನು ಅಂಟಿಸುವ ಚಟ ಹೆಚ್ಚಿತು. ತೆಗೆದು ನೋಡದೆ, ಅಥವಾ ಇರುವೆಡೆಯನ್ನೂ ಇಲ್ಲದೆಡೆಯನ್ನೂ ಹೋಲಿಸದೆ, ಆ ಪದವಿಯನ್ನು ಕೊಡುವಂತಿಲ್ಲ.

ಹೀಗೆ ಹೋಲಿಸಿ ನೋಡಿದ ಕಥೆಯೇ ಕಡಲ ನೀರುನಾಯಿಯದು. ನಮ್ಮ ಹೊಳೆಗಳ ನೀರುನಾಯಿಯ ಬಳಗಕ್ಕೆ ಸೇರಿದ ಈ ಪ್ರಾಣಿ ಉತ್ತರ ಶಾಂತಸಾಗರದ ತಣ್ಣೀರಿನಲ್ಲಿ ಬಾಳುತ್ತದೆ. ತಿಮಿಂಗಿಲಕ್ಕಿರುವಂತೆ ಚರ್ಮದಡಿ ಕೊಬ್ಬಿನ ಪದರ ಇದಕ್ಕಿಲ್ಲ. ಚಳಿಯಿಂದ ಕಾಯುವುದು ತುಪ್ಪಳ ಮಾತ್ರ; ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷಕ್ಕೂ ಮಿಕ್ಕಿ ಕೂದಲುಗಳಿರಬಲ್ಲವು. ಮೈ ಬಿಸಿಯಾಗಿರಲು ದಿನವೂ ತನ್ನ ತೂಕದ ಕಾಲು ಭಾಗದಷ್ಟು ತಿನ್ನಬೇಕು. ಬೆನ್ನ ಮೇಲೆ ತೇಲುತ್ತ, ಎದೆಯ ಮೇಲೊಂದು ಕಲ್ಲನ್ನಿಟ್ಟುಕೊಂಡು, ಚಿಪ್ಪುಗಳನ್ನು ಅದಕ್ಕೆ ಕುಟ್ಟಿ ಒಡೆದು ತಿನ್ನುವ ಇದರ ಜಾಣ್ಮೆಯನ್ನು ನಮ್ಮ ಮಕ್ಕಳು ದೂರದರ್ಶನದಲ್ಲಿ ನೋಡಿ ನಕ್ಕಿರಬಹುದು. ಆ ತುಪ್ಪಳವೇ ಇದಕ್ಕೆ ಮುಳುವಾಯಿತು. ೧೭೪೧ರಲ್ಲಿ ಬೇರಿಂಗ್ ಎಂಬ ನಾವಿಕನ ಯಾತ್ರೆ ಆ ಕಡಲುಗಳಿಗೆ ಹೋಗಿ ಬಂದಂದಿನಿಂದ ಚರ್ಮದ ವ್ಯಾಪಾರಿಗಳು ಮುಗಿಬಿದ್ದರು. ಲಕ್ಷಗಟ್ಟಲೆ ಇದ್ದ ಸಂತತಿ ೧೯೧೧ರ ವೇಳೆಗೆ ಒಂದೆರಡು ಸಾವಿರಕ್ಕೆ ಇಳಿದಿತ್ತು. ಆ ವರ್ಷ ಅಮೆರಿಕ, ಬ್ರಿಟನ್, ರಷ್ಯಾ ಮತ್ತು ಜಪಾನ್ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡು ಅದಕ್ಕೆ ರಕ್ಷಣೆ ನೀಡಿದವು. (ಅದೇ ಯಾತ್ರೆಯಲ್ಲಿದ್ದ ಸ್ಟೆಲ್ಲರ್ ಎಂಬ ವಿದ್ವಾಂಸ ವರ್ಣಿಸಿದ ಕಡಲಹಸು ಎಂಬ ಬೃಹತ್ ಸಾಧುಪ್ರಾಣಿಗೆ ಅಷ್ಟು ಕಾಲವೂ ದೊರೆಯಲಿಲ್ಲ. ಕಂಡುಹಿಡಿದ ೨೭ ವರ್ಷಗಳಲ್ಲಿ, ೧೭೬೮ರ ಹೊತ್ತಿಗೆ, ಅದರ ಕುಲವೇ ನಾಶವಾಯಿತು.)

ನೀರುನಾಯಿಗಳು ಅಲಾಸ್ಕಾದ ಅಲ್ಯೂಷಿಯನ್ ದ್ವೀಪಸಾಲಿನ ಕೆಲವು ದ್ವೀಪಗಳಲ್ಲಿ ಮತ್ತೆ ಬೆಳೆದವು, ಕೆಲವೆಡೆ ಇಲ್ಲ. ಈ ವ್ಯತ್ಯಾಸವೇ ವಿಜ್ಞಾನಕ್ಕೆ ವರವಾಯಿತು. ಅಮೆರಿಕ ಸರ್ಕಾರ ಆ ಸಾಲಿನ ಆಮ್ಚಿಟ್ಕಾ ದ್ವೀಪದ ನೆಲದಡಿಯಲ್ಲಿ ೧೯೬೫, ೧೯೬೯ ಮತ್ತು ೧೯೭೧ರಲ್ಲಿ ಅಣುಬಾಂಬುಗಳನ್ನು ಪರೀಕ್ಷಿಸಿತು. ಅಲ್ಲಿಯ ಪ್ರಾಣಿಗಳಿಗೆ ಏನಾದೀತೆಂದು ತಿಳಿಯಲು ವಿದ್ಯಾರ್ಥಿಗಳನ್ನೂ ಕಳುಹಿಸಲಾಗಿತ್ತು. ಅವರಲ್ಲೊಬ್ಬರು ಅರಿಜೋನ ವಿಶ್ವವಿದ್ಯಾನಿಲಯದ ಜೇಮ್ಸ್ ಎಸ್ಟಿಸ್. ಆ ದ್ವೀಪದ ಸುತ್ತ ಕೆಲ್ಪ್ ಎಂಬ ಕಂದುಬಣ್ಣದ ಭಾರಿ ಪಾಚಿಯ ಕಾಡುಗಳಿದ್ದವು. ಈ ಕಾಡು ನೀರುನಾಯಿಗಳನ್ನು ಹೇಗೆ ಸಾಕುತ್ತಿದೆ ಎಂದು ಅಧ್ಯಯನ ಮಾಡುವುದು ಎಸ್ಟಿಸ್ ಅವರ ಯೋಜನೆ. ೧೯೭೧ರಲ್ಲಿ ಪೇನ್ ಅವರು ಆ ದ್ವೀಪಕ್ಕೆ ಬಂದಾಗ ಇಬ್ಬರ ಭೇಟಿಯಾಯಿತು. ಪ್ರಶ್ನೆಯನ್ನು ತಿರುಗಿಸಿ ಕೇಳಬಾರದೇಕೆ ಎಂದರು ಪೇನ್: ನೀರುನಾಯಿಗಳು ಈ ಕಾಡಿಗೆ ಏನು ಮಾಡುತ್ತಿವೆ?

ಎಸ್ಟಿಸ್ ಮತ್ತು ಅವರ ಜೊತೆಗಾರ ಜಾನ್ ಪಾಮಿಸಾನೊ ಪಶ್ಚಿಮಕ್ಕೆ ನೂರಾರು ಕಿಲೋಮೀಟರ್ ದೂರದ ಶೆಮ್ಯಾ ದ್ವೀಪಕ್ಕೆ ಹೋದರು. ಅಲ್ಲಿ ನೀರುನಾಯಿಗಳಿರಲಿಲ್ಲ. ಎಸ್ಟಿಸ್ ನೀರಿನಲ್ಲಿ ಮುಳುಗಿ ಕಣ್ಣಾಡಿಸಿದೊಡನೆ ಉತ್ತರ ಎದುರಿಗಿತ್ತು. ಕೆಲ್ಪ್ ಕಾಡೇ ಇಲ್ಲ. ಕಡಲತಳವನ್ನೆಲ್ಲ ಮುಳ್ಳುಚೆಂಡುಗಳು ಹಾಸಿಕೊಂಡಿವೆ. ದುಂಡನೆಯ ಮೈತುಂಬ ಮುಳ್ಳಿರುವ ಈ ಪ್ರಾಣಿಗಳು ಕೆಲ್ಪ್ ಮೇದು ಬಾಳುವಂತಹವು. ನೀರುನಾಯಿ ಇದ್ದೆಡೆ ಅದು ಮುಳ್ಳುಚೆಂಡುಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಮಿತಿಯಲ್ಲಿಡುತ್ತದೆ, ಕಾಡು ಬೆಳೆಯುತ್ತದೆ, ಕಾಡಿನ ನೆರಳಿನಲ್ಲಿ ಮೀನು, ಮೀನಿಗಾಗಿ ಹಕ್ಕಿ. ಇಲ್ಲದೆಡೆ ಬೋಳು ಬಂಡೆ. ೧೯೭೪ರಲ್ಲಿ ಪ್ರಕಟವಾದ ಈ ಸಂಶೋಧನೆ ಈಗ ಪಠ್ಯಪುಸ್ತಕಗಳ ಮಾತಾಗಿದೆ.

ಬಾಂಬು ಪರೀಕ್ಷೆಯ ಕಾಲದಲ್ಲಿ ಆಮ್ಚಿಟ್ಕಾದಿಂದ ೫೯ ನೀರುನಾಯಿಗಳನ್ನು ೧೯೬೯ ಮತ್ತು ೧೯೭೦ರಲ್ಲಿ ವಾಷಿಂಗ್ಟನ್ ರಾಜ್ಯದ ಕರಾವಳಿಗೆ ತಂದು ಬಿಡಲಾಯಿತು. ಅವುಗಳ ಪೀಳಿಗೆ ಇಂದು ಅಲ್ಲಿ ಸಾವಿರಗಳ ಲೆಕ್ಕದಲ್ಲಿದೆ. ಒಳಿತು ಕೆಲವೊಮ್ಮೆ ಎಂತಹ ಬಾಗಿಲಿನಿಂದ ಬರುತ್ತದೆ ನೋಡಿ. ಆದರೆ ಅಲ್ಯೂಷಿಯನ್ ದ್ವೀಪಗಳ ಕಥೆ ಸುಖಾಂತವಾಗಲಿಲ್ಲ. ೧೯೯೦ರ ದಶಕದಲ್ಲಿ ಅಲ್ಲಿಯ ನೀರುನಾಯಿಗಳು ಕುಸಿಯತೊಡಗಿದವು; ಮುಳ್ಳುಚೆಂಡುಗಳು ಮರಳಿದವು, ಕೆಲ್ಪ್ ಮತ್ತೆ ಬೋಳಾಯಿತು. ೧೯೯೮ರಲ್ಲಿ ಎಸ್ಟಿಸ್ ಮತ್ತು ಸಂಗಡಿಗರು ಓರ್ಕಾ ಎಂಬ ಬೇಟೆಗಾರ ತಿಮಿಂಗಿಲಗಳು ನೀರುನಾಯಿಗಳನ್ನು ತಿನ್ನತೊಡಗಿರುವುದೇ ಕಾರಣವೆಂದು ವಾದಿಸಿದರು. ಅವರ ಗಣಿತದಂತೆ, ಬೇರೇನನ್ನೂ ತಿನ್ನದೆ ನೀರುನಾಯಿಗಳನ್ನಷ್ಟೇ ತಿನ್ನುವ ನಾಲ್ಕು ಓರ್ಕಾಗಳಿದ್ದರೂ ಅಂತಹ ಕುಸಿತಕ್ಕೆ ಸಾಕು. ಓರ್ಕಾಗಳು ಹೀಗೇಕೆ ಊಟ ಬದಲಿಸಿದವು ಎಂಬುದರ ಬಗೆಗೆ ವಿದ್ವಾಂಸರಲ್ಲಿ ವಾದ ನಡೆದೇ ಇದೆ.

ಹೊಳೆ-ಕೆರೆಗಳಲ್ಲಿಯೂ ಈ ನಿಯಮ ನಡೆಯುವುದೆ? ಪೇನ್ ಅವರಲ್ಲಿ ಕಲಿತು ೧೯೮೧ರಲ್ಲಿ ಡಾಕ್ಟರೇಟ್ ಪಡೆದ ಮೇರಿ ಪವರ್ ಎಂಬ ವಿದುಷಿ ಓಕ್ಲಹೋಮ ರಾಜ್ಯದ ಬ್ರಯರ್ ಎಂಬ ತೊರೆಯಲ್ಲಿ ಇದನ್ನು ನೋಡಿದರು. ತೊರೆಯ ಮಡುಗಳಲ್ಲಿ ಕೆಲವು ಹಸಿರು ಪಾಚಿಯಿಂದ ತುಂಬಿದ್ದವು, ಕೆಲವು ಬರಿದಾಗಿದ್ದವು. ಹಸಿರು ಮಡುಗಳಲ್ಲಿ ಬಾಸ್ ಎಂಬ ಬೇಟೆಮೀನು ಇತ್ತು. ಬರಿದಾದವುಗಳಲ್ಲಿ ಪಾಚಿ ಮೇಯುವ ಕಿರುಮೀನುಗಳಿದ್ದವು. ಹಸಿರು ಮಡುವೊಂದರ ಬಾಸ್ ಮೀನುಗಳನ್ನು ತೆಗೆದು, ನಡುವೆ ಬಲೆಯ ಬೇಲಿ ಕಟ್ಟಿ, ಒಂದು ಮಗ್ಗುಲಿಗೆ ಮಾತ್ರ ಕಿರುಮೀನುಗಳನ್ನು ಬಿಟ್ಟರು. ಆ ಮಗ್ಗುಲು ಕೆಲವೇ ವಾರಗಳಲ್ಲಿ ಬೋಳಾಯಿತು. ಕಿರುಮೀನುಗಳ ಮಡುವಿಗೆ ಬಾಸ್ ಬಿಟ್ಟಾಗ ಅವು ಪ್ರಾಣಭಯದಿಂದ ಆಳವಿಲ್ಲದ ಅಂಚಿಗೆ ಸರಿದವು, ಮಡು ಹಸಿರಾಯಿತು. ಬೇಟೆಗಾರನ ಹಲ್ಲಿನಷ್ಟೇ ಅವನ ಭಯವೂ ಕೆಲಸ ಮಾಡುತ್ತದೆ ಎಂಬುದು ಈ ಪ್ರಯೋಗದಲ್ಲಿ ನಮಗೆ ಬಹು ಸ್ವಾರಸ್ಯವೆನಿಸಿದ ಅಂಶ. ಇನ್ನು ೧೯೮೫ರಲ್ಲಿ ಸ್ಟೀಫನ್ ಕಾರ್ಪೆಂಟರ್ ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಕಿಚೆಲ್ ಎರಡು ಕೆರೆಗಳ ಮೀನುಗಳನ್ನೇ ಅದಲುಬದಲು ಮಾಡಿದರು. ಪೀಟರ್ ಎಂಬ ಕೆರೆಯ ಬಾಸ್ ಮೀನುಗಳನ್ನು ಟ್ಯೂಸ್‌ಡೇ ಎಂಬ ಕೆರೆಗೂ, ಅಲ್ಲಿಯ ಕಿರುಮೀನುಗಳನ್ನು ಇತ್ತಲೂ ಸಾಗಿಸಿದರು. ಟ್ಯೂಸ್‌ಡೇ ಕೆರೆಯಲ್ಲಿ ಕಿರುಮೀನುಗಳು ಇಲ್ಲವಾಗಿ, ಅವು ತಿನ್ನುತ್ತಿದ್ದ ನೀರುಹುಳುಗಳು ಹೆಚ್ಚಿ, ಆ ಹುಳುಗಳು ತೇಲುಪಾಚಿಯನ್ನು ತಿಂದು ನೀರು ತಿಳಿಯಾಯಿತು. ಪೀಟರ್ ಕೆರೆಯ ಫಲ ಅಷ್ಟು ನೇರವಾಗಿರಲಿಲ್ಲ. ನಮ್ಮ ಊರ ಕೆರೆಗಳು ಹಸಿರುಗಟ್ಟುವುದಕ್ಕೆ ಇದೇ ಮದ್ದೆಂದು ಯಾರೂ ಭಾವಿಸಬಾರದು. ಚರಂಡಿಯ ನೀರು ಕೆರೆಗೆ ಹರಿಯುವವರೆಗೆ ಯಾವ ಮೀನನ್ನು ಬಿಟ್ಟರೂ ಉಪಯೋಗವಾಗದು.

ನೀರುನಾಯಿಯ ಪ್ರಸ್ತಾಪ ಬಂದಾಗ ನಮ್ಮ ತುಂಗಭದ್ರೆ ನೆನಪಾಗದೆ ಇರದು. ಕೊಪ್ಪಳ-ಬಳ್ಳಾರಿ ಸೀಮೆಯಲ್ಲಿ ನದಿಯ ಬಂಡೆಗಳ ನಡುವೆ ನುಣುಪು ತೊಗಲಿನ ನೀರುನಾಯಿಗಳ ಗುಂಪುಗಳಿವೆ. ೨೦೧೫ರಲ್ಲಿ ಕರ್ನಾಟಕ ಸರ್ಕಾರ ಅಲ್ಲಿಯ ಸುಮಾರು ೩೪ ಕಿಲೋಮೀಟರ್ ಹೊಳೆಯನ್ನು ಅವುಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮೀನು ತಿನ್ನುತ್ತವೆ, ಬಲೆ ಹರಿಯುತ್ತವೆ ಎಂದು ಬೆಸ್ತರು ಅವುಗಳ ಮೇಲೆ ಮುನಿಯುವುದುಂಟು. ಕ್ಯಾಲಿಫೋರ್ನಿಯಾದ ಚಿಪ್ಪುಬೇಟೆಗಾರರೂ ಕಡಲ ನೀರುನಾಯಿಯ ಮೇಲೆ ಇದೇ ದೂರನ್ನು ಹೇಳುತ್ತ ಬಂದಿದ್ದಾರೆ. ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ, ಹೊಟ್ಟೆಪಾಡಿನ ಮಾತು ಅದು. ಆದರೆ ಸಿಡಿಮದ್ದು ಹಾಕಿ ಮೀನು ಹಿಡಿಯುವ, ಮರಳನ್ನು ಬಗೆದು ಹೊಳೆಯ ದಂಡೆಯನ್ನು ಕೆಡಿಸುವ ಮನುಷ್ಯನನ್ನು ಬಿಟ್ಟು ನೀರುನಾಯಿಯನ್ನು ಮಾತ್ರ ಕಳ್ಳನೆನ್ನುವುದು ನ್ಯಾಯವಲ್ಲ.

ಇಲ್ಲಿ ಮನೆವಾರ್ತೆಯ ಒಂದು ಮಾತು. ನಮ್ಮ ಮನೆಗಳಲ್ಲಿ ವಿಜ್ಞಾನ ಓದುವ ಮಗನೋ ಮಗಳೋ ವೈದ್ಯಕೀಯವನ್ನೂ ಇಂಜಿನಿಯರಿಂಗನ್ನೂ ಬಿಟ್ಟು ಪ್ರಾಣಿಶಾಸ್ತ್ರ ಓದುತ್ತೇನೆಂದರೆ, ಕಪ್ಪೆ ಮೀನು ನೋಡಿ ಅನ್ನ ಹುಟ್ಟೀತೆ ಎಂಬ ಪ್ರಶ್ನೆ ಅಡುಗೆಮನೆಯಿಂದಲೂ ಜಗಲಿಯಿಂದಲೂ ಏಕಕಾಲಕ್ಕೆ ಬರುತ್ತದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿರುವುದು, ಮಂಗಳೂರಿನಲ್ಲಿ ೧೯೬೯ರಲ್ಲೇ ಮೀನುಗಾರಿಕಾ ಮಹಾವಿದ್ಯಾಲಯ ಪ್ರಾರಂಭವಾದುದು ಎಷ್ಟು ತಂದೆತಾಯಿಗಳಿಗೆ ತಿಳಿದಿದೆ? ನಕ್ಷತ್ರಮೀನು ಎಸೆದ ಪೇನ್ ಅವರ ಬಳಿ ಕಲಿತ ಜೇನ್ ಲುಬ್ಚೆಂಕೊ ೨೦೦೯ರಿಂದ ೨೦೧೩ರವರೆಗೆ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಅನ್ನ ಹುಟ್ಟಿತು ಎನ್ನಲು ಇಷ್ಟು ಸಾಲದೆ?

ಇನ್ನು ಈ ವೃತ್ತಾಂತದ ಕಷ್ಟದ ಭಾಗ. ಪೇನ್ ಅವರು ೧೯೯೮ರಲ್ಲಿ ನಿವೃತ್ತರಾದರೂ, ೧೯೬೦ರ ದಶಕದ ಕೊನೆಯಿಂದ ತಾವು ಮಕಾ ಜನರ ಅನುಮತಿ ಪಡೆದು ಅಧ್ಯಯನ ಮಾಡುತ್ತಿದ್ದ ಟಟೂಶ್ ದ್ವೀಪಕ್ಕೆ ಹೋಗುವುದನ್ನು ನಿಲ್ಲಿಸಲಿಲ್ಲ. ೨೦೧೩ರಲ್ಲಿ ಅವರಿಗೆ ಜಪಾನಿನ ಅಂತರರಾಷ್ಟ್ರೀಯ ಕಾಸ್ಮಾಸ್ ಪ್ರಶಸ್ತಿ ಬಂದಿತು. ಅದೇ ೨೦೧೩ರ ಜೂನ್‌ನಲ್ಲಿ, ಅವರು ಹಾರೆ ಹಿಡಿದು ನಿಂತ ದಿನಕ್ಕೆ ಸರಿಯಾಗಿ ೫೦ ವರ್ಷಗಳಾಗಿದ್ದಾಗ, ಅದೇ ವಾಷಿಂಗ್ಟನ್ ಕರಾವಳಿಯಲ್ಲಿ ರೋಗಪೀಡಿತ ನಕ್ಷತ್ರಮೀನುಗಳು ಕಣ್ಣಿಗೆ ಬಿದ್ದವು. ಮೈಮೇಲೆ ಬಿಳಿಯ ಹುಣ್ಣು, ತೋಳುಗಳು ತಿರುಚಿ ದೇಹದಿಂದ ಕಳಚುವುದು, ಕೆಲವು ದಿನಗಳಲ್ಲಿ ಇಡೀ ಪ್ರಾಣಿ ಕರಗಿ ಲೋಳೆಯಾಗುವುದು. ಅಲಾಸ್ಕಾದಿಂದ ಮೆಕ್ಸಿಕೊವರೆಗೆ ೨೦ಕ್ಕೂ ಹೆಚ್ಚು ಜಾತಿಗಳಿಗೆ ಇದು ಹಬ್ಬಿತು. ಈ ಬಾರಿ ಕೀಲುಗಲ್ಲನ್ನು ತೆಗೆದವರು ಪ್ರಾಧ್ಯಾಪಕರಲ್ಲ. ತೆಗೆದದ್ದು ೮ ಮೀಟರ್ ಬಂಡೆಯಿಂದಲೂ ಅಲ್ಲ. ಪೇನ್ ೨೦೧೬ರ ಜೂನ್ ೧೩ರಂದು ತೀರಿಕೊಂಡಾಗ ಈ ಮಾರಿಯ ಮೂಲ ಯಾರಿಗೂ ಗೊತ್ತಿರಲಿಲ್ಲ.

ಪೇನ್ ಅವರು ಎಸೆದ ಊದಾ ನಕ್ಷತ್ರಮೀನಿನ ಮರಿಗಳು ಹಲವು ತೀರಗಳಲ್ಲಿ ಮತ್ತೆ ಕಾಣಿಸಿಕೊಂಡವು. ಸೂರ್ಯಕಾಂತಿ ನಕ್ಷತ್ರಮೀನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ೨೪ ತೋಳುಗಳವರೆಗೆ, ಅಡ್ಡಗಲದಲ್ಲಿ ಒಂದು ಮೀಟರ್‌ವರೆಗೆ ಬೆಳೆಯುವ ಇದು ಆಳದ ನೀರಿನಲ್ಲಿ ಮುಳ್ಳುಚೆಂಡುಗಳನ್ನು ಬೇಟೆಯಾಡುತ್ತಿತ್ತು. ಇದರ ಸಂತತಿಯಲ್ಲಿ ೧೦೦ಕ್ಕೆ ೯೦ರಷ್ಟು ಅಳಿಯಿತು. ಸತ್ತವು ೫೦೦ ಕೋಟಿಗೂ ಹೆಚ್ಚೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ೨೦೨೦ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕಡಲ ನೀರುನಾಯಿಗಳು ವ್ಯಾಪಾರಿಗಳ ಕಾಲದಲ್ಲೇ ಅಳಿದಿದ್ದವು. ಅಲ್ಲಿ ಮುಳ್ಳುಚೆಂಡುಗಳನ್ನು ತಡೆಯುತ್ತಿದ್ದುದು ಈ ನಕ್ಷತ್ರಮೀನು. ಅದೂ ಹೋಯಿತು. ಅದರ ಬೆನ್ನಿಗೇ ೨೦೧೪ರಿಂದ ೨೦೧೬ರವರೆಗೆ ಸಮುದ್ರದ ನೀರು ಅಸಾಧಾರಣವಾಗಿ ಬಿಸಿಯಾಯಿತು. ತಣ್ಣೀರಿನ ಸಸ್ಯವಾದ ಕೆಲ್ಪ್ ಸೊರಗಿತು. ಮುಳ್ಳುಚೆಂಡುಗಳು ಉಳಿದುದನ್ನು ಮೇದವು. ಸುಮಾರು ೩೫೦ ಕಿಲೋಮೀಟ‌ರ್ ಕರಾವಳಿಯಲ್ಲಿ ಕೆಲ್ಪ್ ಕಾಡಿನ ೧೦೦ಕ್ಕೆ ೯೦ಕ್ಕಿಂತ ಹೆಚ್ಚು ಭಾಗ ಬೋಳಾಯಿತು. ಕೆಲ್ಪ್ ತಿಂದು ಬಾಳುವ ಅಬಲೋನಿ ಎಂಬ ಚಿಪ್ಪುಪ್ರಾಣಿಗಳು ಹಸಿವಿನಿಂದ ಸತ್ತು, ೨೦೧೮ರಲ್ಲಿ ಅವುಗಳನ್ನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಆ ಬೇಟೆಗಾಗಿ ಬರುವವರನ್ನು ನಂಬಿದ್ದ ಕರಾವಳಿಯ ಚಿಕ್ಕ ಊರುಗಳ ಅಂಗಡಿ, ವಸತಿಗೃಹಗಳ ಗತಿಯನ್ನು ವಾಚಕರೇ ಊಹಿಸಬಹುದು. ನಕ್ಷತ್ರಮೀನಿಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ಸಂಬಂಧವಿದೆಯೆಂದು ೧೯೬೩ರಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು?

ರೋಗದ ಮೂಲ ಸಿಗಲು ೧೨ ವರ್ಷಗಳು ಬೇಕಾದವು. ೨೦೧೪ರಲ್ಲಿ ಒಂದು ವೈರಸ್ಸಿನ ಮೇಲೆ ಸಂಶಯ ಬಂದಿತ್ತು, ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ೨೦೨೫ರ ಆಗಸ್ಟ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯ, ಹಕಾಯ್ ಸಂಸ್ಥೆ, ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಮೊದಲಾದೆಡೆಯ ಸಂಶೋಧಕರು ಸೇರಿ, ನಾಲ್ಕು ವರ್ಷಗಳ ಪರಿಶ್ರಮದ ಫಲವನ್ನು ಪ್ರಕಟಿಸಿದರು. ರಕ್ತದ ಬದಲಿಗೆ ನಕ್ಷತ್ರಮೀನಿನ ಮೈಯೊಳಗೆ ತುಂಬಿರುವ ದ್ರವವನ್ನು, ಆರೋಗ್ಯವಂತ ಪ್ರಾಣಿಗಳಿಂದಲೂ ರೋಗಿಗಳಿಂದಲೂ ತೆಗೆದು ಹೋಲಿಸಿದಾಗ, ರೋಗಿಗಳಲ್ಲಿ ವಿಬ್ರಿಯೊ ಪೆಕ್ಟೆನಿಸಿಡ ಎಂಬ ಸೂಕ್ಷ್ಮಾಣು ಹೇರಳವಾಗಿತ್ತು. ಅದನ್ನು ಪ್ರತ್ಯೇಕವಾಗಿ ಬೆಳೆಸಿ ಆರೋಗ್ಯವಂತ ನಕ್ಷತ್ರಮೀನಿಗೆ ಚುಚ್ಚಿದಾಗ ಅದೇ ರೋಗ ಬಂದಿತು. ಮನುಷ್ಯರಿಗೆ ಕಾಲರಾ ತರುವ ಸೂಕ್ಷ್ಮಾಣುವಿನ ಕುಲಕ್ಕೇ ಸೇರಿದ ಜೀವಿ ಇದು.

ಶತ್ರುವಿನ ಹೆಸರು ತಿಳಿದ ಮಾತ್ರಕ್ಕೆ ಯುದ್ಧ ಗೆದ್ದಂತಲ್ಲ. ಸಾಗರಕ್ಕೆ ಮದ್ದು ಹಾಕಲಾಗದು. ರೋಗವನ್ನು ತಡೆದುಕೊಳ್ಳಬಲ್ಲ ತಳಿಗಳಿವೆಯೇ ಎಂದು ಹುಡುಕುವುದು, ಸಾಕಿ ಬೆಳೆಸಿದವುಗಳನ್ನು ಕಡಲಿಗೆ ಬಿಡುವ ಮೊದಲು ರೋಗವಿಲ್ಲವೆಂದು ಪರೀಕ್ಷಿಸುವುದು, ಇಷ್ಟಕ್ಕೆ ಈಗ ದಾರಿಯಾಗಿದೆ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ್ದೇ ಆದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ ೨೦೧೯ರಿಂದ ಸೂರ್ಯಕಾಂತಿ ನಕ್ಷತ್ರಮೀನುಗಳ ಮರಿ ಮಾಡಿಸುವ ಕೆಲಸ ನಡೆದಿದೆ. ನೀರಿನಲ್ಲಿ ತೇಲುವ ಕಣದಂತಹ ಮರಿ ವಾರಗಟ್ಟಲೆ ತೇಲಿ, ಕಡೆಗೆ ತಳಕ್ಕಿಳಿದು ರೂಪ ಬದಲಿಸುತ್ತದೆ. ಆಗ ಅದು ಗುಂಡುಸೂಜಿಯ ತಲೆಗಿಂತ ಚಿಕ್ಕದು, ಇರುವುದು ಐದೇ ತೋಳು. ಬೆಳೆಯುತ್ತ ಬೆಳೆಯುತ್ತ ಹೊಸ ತೋಳುಗಳು ಮೂಡುತ್ತವೆ.